ಕೆಂಪು ದಾರದ ಗೋಧಿ

ನಾನು ಚಿಕ್ಕವನಿದ್ದಾಗ ದೇರೆಬೈಲಿನ ನಮ್ಮ ಗದ್ದೆಯಲ್ಲಿ ಒಂದು ವರ್ಷ ಗೋಧಿ ಬೆಳೆದಿತ್ತು. ನಗಬೇಡಿ. ನಗುವುದನ್ನೆಲ್ಲ ಊರಿನವರು ಅಂದೇ ನಕ್ಕು ಮುಗಿಸಿದ್ದಾರೆ.

ಭತ್ತದ ಕೊಯ್ಲು ಮುಗಿದ ಮೇಲೆ ಅಪ್ಪ ಬಯಲುಸೀಮೆಯಿಂದ ತರಿಸಿದ ಏಳು ಬಗೆಯ ಗೋಧಿಯನ್ನು ಏಳು ಸಾಲುಗಳಲ್ಲಿ ಬಿತ್ತಿದ್ದರು. ತೆನೆಯೇನೋ ಬಂತು. ಕಾಳು ತುಂಬುವ ಹೊತ್ತಿಗೆ ನಮ್ಮ ಕರಾವಳಿಯ ಸೆಕೆ ಏರಿತು. ಬರಿಗಾಲಿಟ್ಟರೆ ಮಣ್ಣು ಸುಡುತ್ತಿತ್ತು. ಸಾಲಿಗೆ ಸಾಲೇ ಜೊಳ್ಳಾಯಿತು. ಕೊನೆಯ ಸಾಲಿನ ಒಂದೇ ಬುಡದಲ್ಲಿ ಐದು ತೆನೆಗಳು ಕೊಬ್ಬಿ ನಿಂತಿದ್ದವು. ಅಪ್ಪ ಅವನ್ನು ಸೇರಿಸಿ ಕೆಂಪು ದಾರ ಕಟ್ಟಿದರು. "ಸೆಕೆ ತಡೆಯುವುದು ಇದೊಂದೇ. ಬರುವ ವರ್ಷಕ್ಕೆ ಇದೇ ಬೀಜ," ಎಂದರು. ಹಕ್ಕಿ ಓಡಿಸುವ ಕೆಲಸ ಅಕ್ಕನ ಪಾಲಿಗೆ ಬಂತು.

ಶಾಲೆಯಲ್ಲಿ ಗೆಳೆಯರು ನನ್ನನ್ನು ಬಿಡುತ್ತಿರಲಿಲ್ಲ. "ಗೋಧಿ ಆಗುವುದು ರೇಷನ್ ಅಂಗಡಿಯಲ್ಲಿ ಮಾರಾಯ! ನಿಮ್ಮಲ್ಲಿ ಇರುವುದು ಹುಲ್ಲು!"

ಒಂದು ಬೆಳಿಗ್ಗೆ ಅಕ್ಕ ಗಂಜಿ ಕುಡಿಯಲು ಒಳಗೆ ಹೋದಾಗ ಐದೂ ತೆನೆಗಳನ್ನು ಕಿತ್ತೆ. ಶಾಲೆಯಲ್ಲಿ ತೋರಿಸಲು ಜೊಳ್ಳು ಒಯ್ದರೆ ನನ್ನ ಮಾನ ಉಳಿದೀತೇ! ಗೆಳೆಯರು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಹಾಲುಗಾಳನ್ನು ಜಗಿದರು. ಸಿಹಿಯಾಗಿತ್ತು.

ಸಂಜೆ ಅಪ್ಪ ಬೋಳು ದಂಟುಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. "ಗಿಳಿ ದಾರ ಸಮೇತ ಕೊಂಡುಹೋಗುವವರೆಗೆ ನೀನು ಎಂತ ಮಾಡ್ತಾ ಇದ್ದದ್ದು?" ಎಂದು ಅಕ್ಕನನ್ನು ಗದರಿದರು.

"ಒಂದು ಹಕ್ಕಿಯೂ ಬರ್ಲಿಲ್ಲ ಅಪ್ಪ," ಎಂದು ಅಕ್ಕ ಅತ್ತಳು.

ದಾರ ನನ್ನ ಚಡ್ಡಿಯ ಕಿಸೆಯಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ಮರುವರ್ಷ ಬಿತ್ತಲು ಬೀಜವಿರಲಿಲ್ಲ. ಅಪ್ಪ ಗೋಧಿಯ ಮಾತನ್ನೇ ಎತ್ತಲಿಲ್ಲ. ಚಿಕ್ಕವನಿದ್ದೆ ಎಂಬ ನೆಪ ಎಷ್ಟು ದಿನಕ್ಕೆ ಸಾಕಾದೀತು? ದೊಡ್ಡವನಾದ ಮೇಲೂ ಸುಮ್ಮನಿದ್ದೆನಲ್ಲ!

ಮೊಮ್ಮಕ್ಕಳೇ, ಆ ಗದ್ದೆಯ ಮೇಲೆಯೇ ಇಂದು ನಮ್ಮ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ನಿಮ್ಮ ಚಪಾತಿಯ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮೊನ್ನೆ ಟಿವಿಯಲ್ಲಿ, ಬಿಸಿಲಿಗೆ ಗೋಧಿ ಜೊಳ್ಳಾದ ಸುದ್ದಿ ಕೇಳಿದಾಗ ಚಪಾತಿಯ ತಟ್ಟೆಯನ್ನು ಬದಿಗಿಟ್ಟೆ. ಪಡೀಲಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ.

"ಗೊತ್ತುಂಟು ಮಾರಾಯ. ನಿನ್ನ ಚಡ್ಡಿ ಒಗೆಯುವಾಗ ದಾರ ಸಿಕ್ಕಿತ್ತು."

"ಮತ್ತೆ ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತಿ ಅಂತ ಕಾದೆ."

ನನ್ನ ಅಪ್ಪ ಈಗಿಲ್ಲ. ನೀವು ಒಪ್ಪಿಕೊಳ್ಳುವುದೇನಾದರೂ ಇದ್ದರೆ, ನಿಮ್ಮ ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದಾನೆ.