ಯಾವೂರ ಪದ?

ಗುಬ್ಬಿ ಕಾಲೇಜಿನ ನಮ್ಮ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ‘ಪ್ಯೂಕ್’ ಎಂದು ಬರೆದು ನನ್ನ ಮಾನ ಕಳೆದರು ಎಂದು ಗೆಳತಿಯರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬರೆದದ್ದು ನಿಜ, ಆದರೆ ಮಾನ ಹೋದದ್ದು ಅದಕ್ಕೂ ಮೊದಲೇ. ತುಮಕೂರಿನ ಚರ್ಚಾಸ್ಪರ್ಧೆಯಲ್ಲಿ ಹೆದರಿ ಮೈಕಿನ ಮುಂದೆಯೇ ವಾಂತಿ ಮಾಡಿಕೊಂಡಿದ್ದೆ. ಮಾರನೆಯ ದಿನದಿಂದ ವಾಂತಿಯ ಇಂಗ್ಲಿಷ್ ಪದವೇ ನನ್ನ ಹೆಸರಾಯಿತು, ಹುಡುಗರದು ಒಂದೇ ಮಾತು: “ಏನೇ ಪ್ಯೂಕು, ನಿಂಬೆಹಣ್ಣು ಬೇಕೇನೇ?”

ಇನ್ನು ಚರ್ಚೆಗೆ ಬರುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದೆ. ಹೊಸಬರನ್ನು ಕೇಳುವ ಹಾಗೆ ಪ್ರತಿ ಪದವನ್ನೂ “ಯಾವೂರ್ದು ಇದು?” ಎಂದು ಡಸ್ಟರ್ ಬಡಿದು ಕೇಳುವುದು ಅವರ ರೂಢಿ. ಅವತ್ತೂ ಡಸ್ಟರನ್ನು ಮೇಜಿಗೆ ಎರಡು ಸಲ ಬಡಿದರು.

“ಬಿಡೋದಾದ್ರೆ ಬಿಡಮ್ಮ. ಮೊದ್ಲು ಆ ಪದ ಯಾವೂರ್ದು ಅಂತ ತಿಳ್ಕೊಂಡ್ ಬಂದು ಕ್ಲಾಸಿಗೆ ಹೇಳು,” ಎಂದು ತಮ್ಮ ದಪ್ಪ ನಿಘಂಟನ್ನು ಕೈಗಿಟ್ಟರು.

ಮರುದಿನ ಅವರು ಪದ ಬರೆದು ಕೊನೆಯ ಬೆಂಚಿಗೆ ಹೋಗಿ ಕೂತರು. ನಾನು ವಾದಿಸಿದೆ: ಹಿಂದೊಮ್ಮೆ ಒಳ್ಳೆಯ ಉಣ್ಣೆಬಟ್ಟೆಗೂ ಇದೇ ಹೆಸರಿತ್ತು, ವಾಂತಿಯ ಅರ್ಥ ಎಲ್ಲಿಂದ ಬಂತೆಂದು ಖಚಿತವಿಲ್ಲ, ಕಕ್ಕುವ ಸದ್ದಿನಿಂದಲೇ ಇರಬಹುದು.

“ಊರೇ ಗೊತ್ತಿಲ್ದಿರೋ ಹೆಸ್ರನ್ನ ನಂಗ್ಯಾಕ್ರೋ ಇಡ್ತೀರಾ?”

ಕ್ಲಾಸು ನಕ್ಕಿತು, ಈ ಸಲ ನನ್ನ ಜೊತೆಗೆ. ಇವತ್ತಿಗೂ ನಾನು ಮೈಕಿನ ಮುಂದೆ ನಿಲ್ಲುತ್ತಿರುವುದು ಆ ಮೇಷ್ಟ್ರಿಂದಲೇ.

ಮೇಷ್ಟ್ರೇ, ನಿಘಂಟಿನಲ್ಲಿ ಆ ಪದವಿದ್ದ ಪುಟದಲ್ಲೇ ನಿಮ್ಮೂರು ಕುಣಿಗಲ್ಲಿನ ಹಳದಿಗಟ್ಟಿದ ಬಸ್ ಟಿಕೆಟೊಂದು ಗುರುತಿಗೆ ಇತ್ತಲ್ಲ, ನಿಮ್ಮನ್ನೂ ಯಾರಾದರೂ ಹಾಗೆ ಕರೆದಿದ್ದರೇ?