ಜಾಗದಕ್ಕನ ಎಂಟು ಕೆಂಪು ಪಟ್ಟಿ

ಬೆಳಗಿನ ಆರು ಗಂಟೆ. ಮಂಚ, ಮೇಜು, ಬೀರು ಮಾರುವ ಗೋಡೌನಿನ ಎರಡನೇ ಬಾಗಿಲು ಕಿರುಗುಟ್ಟುತ್ತ ಮೇಲೇರುವ ಹೊತ್ತಿಗೆ ಹೊರಗೆ ಆಗಲೇ ಮೂರು ದೊಡ್ಡ ಕಾರುಗಳು ಸಾಲಾಗಿ ನಿಂತಿವೆ. ಮೊದಲನೆಯದರ ಹಿಂಬಾಗಿಲು ತೆರೆದಿದೆ. ಅಲ್ಲಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿವೆ. ಪಾದಗಳ ಒಡತಿ ಒಳಗೆ ಬೋರಲು ಮಲಗಿ, ಸೀಟಿನಡಿ ಮೊಣಕೈವರೆಗೆ ಕೈ ತೂರಿಸಿ ತಡಕುತ್ತಿದ್ದಾರೆ. ಒಂದು ಪೆನ್ನು ಬರುತ್ತದೆ. ಒಂಟಿ ಕಾಲುಚೀಲ ಬರುತ್ತದೆ. ಕೊನೆಗೆ ಕನ್ನಡಕ.

"ಅಯ್ಯೋ, ಹೋದ ವರ್ಷದಿಂದ ಹುಡುಕ್ತಿದೀನಿ ಇದನ್ನ!" ಎಂದು ಕಾರಿನ ಯಜಮಾನರು ಕೈ ಚಾಚುತ್ತಾರೆ. "ಎಲ್ಲೋ ಬಿಸಾಕಿದೀಯ ಅಂತ ಹೆಂಡ್ತಿನ ಬೈದಿದ್ದೆ."

"ಹಂಗಾದ್ರೆ ಮನೆಗೆ ಹೋಗಿ ಮೊದ್ಲು ತಪ್ಪು ಒಪ್ಕೊಳಿ. ಬೀರು ಆಮೇಲೆ ಇಳಿಸಿದ್ರಾಯ್ತು," ಎಂದು ಒಳಗಿನಿಂದ ದನಿ ಬರುತ್ತದೆ.

ದನಿ ಜಾಗದಕ್ಕನದು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿದೆ. ಜನರ ಬಾಯಲ್ಲಿ ಉಳಿದಿರುವುದು ಇದೊಂದೇ. ವಯಸ್ಸು ಐವತ್ತೆರಡು. ಎಸ್‌ಯುವಿ ಎಂದು ಕರೆಯುವ ಎತ್ತರದ ಕಾರುಗಳ ಸೀಟು ಮಡಚಿ, ಒಳಗನ್ನು ಮನೆಯ ನೆಲದಂತೆ ಸಪಾಟು ಮಾಡಿ, ಕೊಂಡ ಸಾಮಾನು ಅದರಲ್ಲಿ ಹಿಡಿಯುವಂತೆ ಮಾಡುವುದು ಅವರ ಕೆಲಸ. ಇದೂ ಒಂದು ಕೆಲಸವೇ, ಕಾರಿನವರಿಗೆ ಅಷ್ಟೂ ಬರುವುದಿಲ್ಲವೇ ಎನ್ನುವವರು ಎರಡನೇ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲಬೇಕು. ಗಂಡಸರು ಸೀಟಿನ ಹಿಡಿ ಎಳೆಯುತ್ತಾರೆ, ಗುದ್ದುತ್ತಾರೆ, ಕಾರು ಮಾಡಿದವನನ್ನು ಬೈಯುತ್ತಾರೆ, ಕೊನೆಗೆ ಬೆವರು ಒರೆಸಿಕೊಂಡು "ಅಕ್ಕಾ..." ಎನ್ನುತ್ತಾರೆ.

ಅಕ್ಕನಿಗೆ ಒಂದು ಕ್ರಮವಿದೆ. ಮೊದಲು ಸೀಟಿನಡಿ ಕೈಯಾಡಿಸಬೇಕು. ಮುಂದಿನ ಸೀಟನ್ನು ಮುಂದಕ್ಕೆ ಸರಿಸಬೇಕು. ತಲೆಗೆ ಆನಿಕೆಯಾಗಿರುವ ದಿಂಬನ್ನು ಕಿತ್ತಿಡಬೇಕು. ಆಮೇಲೆ ಹಿಡಿ ಎಳೆದು, ಸೀಟಿನ ಬೆನ್ನಿಗೆ ಎರಡೂ ಅಂಗೈ ಕೊಟ್ಟು, ನಿದ್ದೆ ಹೋದ ಕೂಸನ್ನು ಇಳಿಸುವಂತೆ ಮಲಗಿಸಬೇಕು. ಹೀಗೆ ಮಲಗಿದ ಸೀಟಿಗೂ ಡಿಕ್ಕಿಯ ನೆಲಕ್ಕೂ ನಡುವೆ ನಾಲ್ಕು ಬೆರಳಿನ ತಗ್ಗು ಉಳಿಯುತ್ತದೆ. ಅದಕ್ಕೆ ತಾವೇ ಹೊಲಿದ ಮೆತ್ತೆಗಳನ್ನು ತುಂಬಿ, ಮೇಲೊಂದು ದಪ್ಪ ಹೊದಿಕೆ ಹಾಸಿ, ಕೊರಳಲ್ಲಿ ನೇತಾಡುವ ದರ್ಜಿ ಟೇಪಿನಿಂದ ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. "ಉದ್ದಕ್ಕೆ ಹಿಡೀದೇ ಇದ್ದದ್ದು ಓರೆಗೆ ಹಿಡಿಯತ್ತೆ. ಜನ ಓರೆಗೆ ನೋಡೋದೇ ಇಲ್ಲ," ಎಂಬುದು ಅವರ ಅನುಭವ.

ಇನ್ನು ಕೆಂಪು ಪಟ್ಟಿ. ಸಾಮಾನಿನ ಪಕ್ಕದಲ್ಲಿ ಯಾರಾದರೂ ಕೂರಬೇಕೆಂದರೆ ಮಡಚಿದ ಒಂದು ಸೀಟನ್ನು ಮತ್ತೆ ಎತ್ತಿ ನಿಲ್ಲಿಸಬೇಕಲ್ಲ, ಆಗ ಅದರ ಹಿಡಿಗೆ ರೆಕ್ಸಿನ್ನಿನ ಕೆಂಪು ಪಟ್ಟಿಯೊಂದನ್ನು ಕಟ್ಟುತ್ತಾರೆ. ಆಮೇಲೆ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಜಗ್ಗುತ್ತಾರೆ. ಅಲುಗದಿದ್ದರೆ ಪಟ್ಟಿ ಬಿಚ್ಚಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಪಟ್ಟಿ ಇರುವ ಸೀಟಿನಲ್ಲಿ ಯಾರೂ ಕೂರಬಾರದು. ಸೊಂಟದಲ್ಲಿರುವ ಪಟ್ಟಿಗಳು ಎಂಟು. ಬೆಳಿಗ್ಗೆ ಎಂಟು, ಸಂಜೆಯೂ ಎಂಟು.

ಆ ಪಟ್ಟಿಗಳಿಗೆ ಅವರಷ್ಟೇ ಇತಿಹಾಸವಿದೆ. ಹತ್ತೊಂಬತ್ತನೇ ವಯಸ್ಸಿಗೆ ಸೀಟು ಕವರು ಹೊಲಿಯುವ ಅಂಗಡಿ ಸೇರಿದವರು ಇಪ್ಪತ್ತಮೂರು ವರ್ಷ ಅಲ್ಲೇ ಸವೆದರು. ಕಾರಿನ ಸೀಟನ್ನು ಬಿಚ್ಚಿ, ಅದರ ಎಲುಬು, ನರ ಎಲ್ಲ ಕಂಡವರು. ಸಿದ್ಧ ಕವರುಗಳು ಬಂದವು, ಅಂಗಡಿ ಮುಚ್ಚಿತು, ಅದೇ ವರ್ಷ ಬಲಗಣ್ಣಿಗೆ ಪೊರೆ ಬಂತು. ಕೊನೆಯ ದಿನ ಮಾಲೀಕರು ಏನು ಬೇಕೋ ತಗೋ ಎಂದಾಗ ಅವರು ಚೂರು ರೆಕ್ಸಿನ್ನಿನ ಮೂಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಪಟ್ಟಿಗಳು ಆ ಮೂಟೆಯವು. ಒಂಬತ್ತು ವರ್ಷದ ಹಿಂದೆ ಇಲ್ಲಿ ಕೆಲಸ ಕೇಳಲು ಬಂದಾಗ, ಹೆಂಗಸರಿಗೆ ಇದು ಆಗದು, ಇದು ಎತ್ತುವ ಕೆಲಸ ಎಂದು ಮೇಲ್ವಿಚಾರಕರು ಮುಖ ತಿರುಗಿಸಿದ್ದರಂತೆ. "ಎತ್ತೋದು ಅವರ ಕೆಲ್ಸ ಸಾರ್, ಜಾಗ ಮಾಡೋದು ನನ್ನ ಕೆಲ್ಸ ಅಂದೆ. ಅವರ ಕಾರಿನ ಸೀಟನ್ನೇ ಮಡಚಿ ತೋರಿಸ್ದೆ. ಅವರಿಗೇ ಗೊತ್ತಿರಲಿಲ್ಲ ಅದು ಮಡಚತ್ತೆ ಅಂತ!" ಈಗ ದಿನಕ್ಕೆ ಮೂವತ್ತೈದು ಕಾರು, ರಜೆಯ ದಿನ ಅರವತ್ತು. ಇದುವರೆಗೆ ಸೀಟಿನಡಿ ಸಿಕ್ಕ ಕನ್ನಡಕ ಹನ್ನೊಂದು, ಹಲ್ಲಿನ ಸೆಟ್ಟು ಒಂದು. ಹಲ್ಲನ್ನು ಕೇಳಿಕೊಂಡು ಇನ್ನೂ ಯಾರೂ ಬಂದಿಲ್ಲ.

ಏಳೂವರೆಗೆ ನೀಲಿ ಕಾರೊಂದು ಬಾಗಿಲಿಗೆ ಬರುತ್ತದೆ. ಮಂಡಿ ಆಪರೇಷನ್ ಆದ ಅತ್ತೆಗೆ ಅಳಿಯ ಎತ್ತರದ ಮಂಚ ಕೊಂಡಿದ್ದಾರೆ. ಮಲಗುವವಳು ನಾನು, ನೋಡುವವಳೂ ನಾನೇ ಎಂದು ಅತ್ತೆಯೂ ಕೋಲೂರಿಕೊಂಡು ಬಂದಿದ್ದಾರೆ. ಜಾಗದಕ್ಕ ಅಷ್ಟೂ ಸೀಟು ಮಡಚಿ ಮುಗಿಸಿದ ಮೇಲೆ ಅಜ್ಜಿ ಕೇಳುತ್ತಾರೆ: "ಚೆನ್ನಾಗಿದೆ. ನಾನೇನು ಹಲಗೆ ಜೊತೆ ಮಲ್ಕೊಂಡು ಬರ್ಲಾ?"

ನಕ್ಕು, ಮಧ್ಯದ ಸಾಲಿನ ಒಂಟಿ ಸೀಟನ್ನು ಮತ್ತೆ ಎತ್ತಿ ಪಟ್ಟಿ ಕಟ್ಟುತ್ತಿದ್ದಂತೆ, ಸಾಮಾನು ಹೊರುವ ಗಡ್ಡದಣ್ಣ ಹಿಂದಿನಿಂದ ಕೂಗುತ್ತಾನೆ: "ಅಕ್ಕಾ, ಹಲಗೆ ಗಾಜಿಗೆ ತಾಗ್ತಿದೆ, ಬಾ ಬೇಗ!" ಜಾಗದಕ್ಕ ಓಡುತ್ತಾರೆ. ಹಲಗೆಯನ್ನು ಓರೆ ಮಾಡಿಸಿ, ಹಿಂಬಾಗಿಲು ಮುಚ್ಚುತ್ತಾರೆ. ಅಷ್ಟರಲ್ಲಿ ಅಳಿಯ ಅತ್ತೆಯನ್ನು ಕೂರಿಸಿಯಾಗಿದೆ. ಕಾರು ಹೊರಡುತ್ತದೆ.

ಮುಂದಿನ ಕಾರಿನ ಕೆಲಸ ಅರ್ಧವಾದಾಗ ಅವರ ಕೈ ಅಭ್ಯಾಸದಂತೆ ಸೊಂಟಕ್ಕೆ ಹೋಗುತ್ತದೆ. ಏಳು. ಮತ್ತೆ ಎಣಿಸುತ್ತಾರೆ. ಏಳೇ. ಕಟ್ಟಿದ್ದು ನೆನಪಿದೆ. ಜಗ್ಗಿದ್ದು ನೆನಪಿಲ್ಲ.

"ಗಡ್ಡದಣ್ಣಾ, ಆ ಅಜ್ಜಿ ಸೀಟು ನಾನು ಜಗ್ಗಿಲ್ಲ ಕಣೋ!"

ಬಿಲ್ಲಿನಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಎತ್ತಿದ್ದು ಅಜ್ಜಿಯ ಮಗಳು. "ಇವರು ಫೋನ್ ಚಾರ್ಜಿಗೆ ಹಾಕಿ ಇಲ್ಲೇ ಬಿಟ್ಟು ಹೋಗಿದಾರೆ. ಯಾಕೆ, ಏನಾಯ್ತು?" ಜಾಗದಕ್ಕನಿಗೆ ಇದ್ದದ್ದನ್ನು ಹೇಳದೆ ಗತಿಯಿಲ್ಲ. ಹೇಳುತ್ತಾರೆ. ಆ ಕಡೆ ಅಳು ಶುರುವಾಗುತ್ತದೆ. ಗಡ್ಡದಣ್ಣ ವಿಳಾಸ ನೋಡಿಕೊಂಡು ಬೈಕು ಹತ್ತಿ ಹೋಗುತ್ತಾನೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಎರಡನೇ ಬಾಗಿಲಿನ ಸಾಲು ನಿಂತಲ್ಲೇ ನಿಂತಿದೆ. ಹಾರ್ನು ಹೊಡೆಯುವವರು ಹೊಡೆಯುತ್ತಿದ್ದಾರೆ. ಜಾಗದಕ್ಕ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಏಳು ಪಟ್ಟಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡು ಗೇಟಿನತ್ತ ನೋಡುತ್ತಾರೆ. ಸೀಟಿನ ಕೊಂಡಿ ಬಿದ್ದಿರದಿದ್ದರೆ, ಬ್ರೇಕು ಹಾಕಿದ ಕೂಡಲೇ ಅದರ ಬೆನ್ನು ಅಜ್ಜಿಯನ್ನು ಮುಂದಕ್ಕೆ ಒತ್ತಿಕೊಂಡು ಬೀಳುತ್ತದೆ. ಮಂಡಿ ಮೊದಲೇ ಹೊಲಿಗೆಯದು.

ಇಪ್ಪತ್ತು ನಿಮಿಷ ಕಳೆದ ಮೇಲೆ ಗೇಟಿನಲ್ಲಿ ನೀಲಿ ಬಣ್ಣ ಕಾಣುತ್ತದೆ. ಕಾರು ನಡೆಯುವವರಿಗಿಂತ ನಿಧಾನವಾಗಿ ಬರುತ್ತಿದೆ. ಒಳಗೆ ಅಜ್ಜಿ ರಾಣಿಯಂತೆ ನೆಟ್ಟಗೆ ಕೂತಿದ್ದಾರೆ. ಅವರ ಹಿಂದೆ ಮಂಚದ ಹಲಗೆಗಳ ಮೇಲೆ ಬೋರಲು ಬಿದ್ದುಕೊಂಡಿರುವ ಗಡ್ಡದಣ್ಣ, ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾನೆ.

"ಈ ಗಡ್ಡ ಬೆನ್ನಿಗಿಟ್ಕೊಂಡು ಊರೆಲ್ಲ ಮೆರವಣಿಗೆ ಬಂದೆ!" ಎನ್ನುತ್ತಾರೆ ಅಜ್ಜಿ, ಗಾಜು ಇಳಿಸಿ.

ಮೊದಲ ತಿರುವಿಗೂ ಮುಂಚೆಯೇ ಅಜ್ಜಿ ಕಾರು ನಿಲ್ಲಿಸಿದ್ದರಂತೆ. ಹಿಡಿಗೆ ಕಟ್ಟಿದ್ದ ಪಟ್ಟಿ ಕಣ್ಣಿಗೆ ಬಿದ್ದಿತ್ತು. ಯಾರೋ ಮರೆತದ್ದು ಬಿಡಿ ಅತ್ತೆ ಎಂದ ಅಳಿಯನಿಗೆ, ಇಳಿದು ಸೀಟು ಜಗ್ಗಿ ನೋಡಿ ಎಂದರು. ಜಗ್ಗಿದರೆ ಸೀಟು ಕೈಗೇ ಬಂತು. ದಾರಿ ಬದಿಯಲ್ಲಿ ದಿಕ್ಕು ತೋಚದೆ ನಿಂತಿದ್ದವರನ್ನು ಗಡ್ಡದಣ್ಣ ಕಂಡ, ಬೈಕನ್ನು ಅಲ್ಲೇ ಬಿಟ್ಟು ಕಾರು ಹತ್ತಿದ.

"ನಿಮಗೆ ಹೆಂಗೆ ಗೊತ್ತಾಯ್ತಮ್ಮಾ?" ಜಾಗದಕ್ಕ ಕಾರಿನ ಬಾಗಿಲು ತೆರೆಯುತ್ತ ಕೇಳುತ್ತಾರೆ.

"ಸಾಲಲ್ಲಿ ಕೂತಿದ್ನಲ್ಲ, ಮತ್ತೇನ್ ಕೆಲಸ ನನಗೆ? ಮೂರು ಗಾಡಿ ನೋಡ್ದೆ. ಕಟ್ತೀಯ, ಜಗ್ತೀಯ, ಬಿಚ್ತೀಯ. ನನ್ನದು ಬಿಚ್ಚಿಲ್ಲ ಅಂದ್ರೆ ಜಗ್ಗಿಲ್ಲ ಅಂತ ತಾನೆ ಅರ್ಥ?"

ಜಾಗದಕ್ಕ ಸೆರಗಿನಿಂದ ಮುಖ ಒತ್ತಿಕೊಂಡು, ಅಜ್ಜಿಯನ್ನು ಮೆಲ್ಲಗೆ ಇಳಿಸಿ, ಸೀಟಿನ ಹಿಂದೆ ಕೈ ಹಾಕುತ್ತಾರೆ. ಬೆಲ್ಟಿನ ಪಟ್ಟೆ ಕೊಂಡಿಯೊಳಗೆ ಸಿಕ್ಕಿಹಾಕಿಕೊಂಡಿದೆ. ಬಿಡಿಸಿ, ಸೀಟನ್ನು ಒತ್ತಿ ನಿಲ್ಲಿಸಿ ಜಗ್ಗುತ್ತಾರೆ. ಕಾರೇ ಅಲುಗುತ್ತದೆ, ಸೀಟು ಅಲುಗುವುದಿಲ್ಲ. ಮಗಳಿಗೆ ಫೋನು ಹೋಗುತ್ತದೆ. "ಅಳ್ಬೇಡ್ವೇ, ನಾನೂ ನನ್ನ ಮಂಡಿನೂ ಕ್ಷೇಮ," ಎಂದು ಅಜ್ಜಿ ಕೂಗುವುದು ಗೋಡೌನಿಗೆಲ್ಲ ಕೇಳುತ್ತದೆ. ಸಾಲಿನಲ್ಲಿದ್ದವರು ನಗುತ್ತಾರೆ. ಹಾರ್ನು ಹೊಡೆದವರೂ.

"ಆ ಪಟ್ಟಿ ನನಗೆ ಕೊಟ್ಬಿಡು ಮಗಳೇ, ನೆನಪಿಗೆ ಇಟ್ಕೋತೀನಿ," ಎಂದು ಅಜ್ಜಿ ಹೊರಡುವಾಗ ಕೈ ಚಾಚುತ್ತಾರೆ.

"ಬೇರೆ ಏನು ಬೇಕಾದ್ರೂ ಕೇಳಿ ಅಮ್ಮ. ಇದೊಂದು ಕೊಡಲ್ಲ."

ಮಧ್ಯಾಹ್ನದ ಹೊತ್ತಿಗೆ ಜಾಗದಕ್ಕ ಮೇಲ್ವಿಚಾರಕರ ಮುಂದೆ ನಿಂತು ತಮ್ಮ ತಪ್ಪನ್ನು ತಾವೇ ಹೇಳಿಕೊಂಡಿದ್ದಾರೆ. ಜೊತೆಗೆ ಒಂದು ಬೇಡಿಕೆಯನ್ನೂ ಇಟ್ಟಿದ್ದಾರೆ. ಸಂಬಳದ ಮಾತಲ್ಲ. ಹೊರಡುವ ಕಾರಿನೊಳಗೆ ಕೆಂಪು ಕಾಣುತ್ತದೆಯೇ ಎಂದು ಗೇಟಿನವರು ಒಮ್ಮೆ ಬಗ್ಗಿ ನೋಡಬೇಕು, ಅಷ್ಟೇ. ಮೇಲ್ವಿಚಾರಕರು ಆಗಲಿ ಎಂದಿದ್ದಾರೆ. ಗೇಟಿನವರು ಆಗಲೇ ಪ್ರತಿ ಕಾರಿಗೂ ಬಗ್ಗುತ್ತಿದ್ದಾರೆ.

"ಒಂಬತ್ತು ವರ್ಷ ನಾನೊಬ್ಬಳೇ ನೋಡ್ತಿದ್ದೆ," ಎನ್ನುತ್ತಾರೆ ಜಾಗದಕ್ಕ, ಮುಂದಿನ ಕಾರಿನ ಸೀಟಿನಡಿ ಕೈ ತೂರಿಸುತ್ತ. "ಇನ್ನೊಬ್ರು ನೋಡ್ತಿದಾರೆ ಅಂತ ಇವತ್ತೇ ಗೊತ್ತಾಗಿದ್ದು. ಸಂಜೆ ಎಂಟೂ ಸೊಂಟದಲ್ಲಿದ್ರೆ ಸಾಕು ನಂಗೆ. ಹಿಂದೆ ಸರೀರಿ, ಏನೋ ಸಿಕ್ತು."