ಅನಂತ ಭಾವ ಮುಚ್ಚಿಟ್ಟ ಮಾತ್ರೆ

ಬ್ರಹ್ಮಾವರ ಸುತ್ತಿನಲ್ಲಿ ಯಾರ ಮನೆಗೆ ಸಂಬಂಧ ಕುದುರಿಸಲು ಹೋದರೂ ಅನಂತ ಭಾವ ಮೊದಲು ಕಾಫಿ ಕುಡಿಯುತ್ತಿದ್ದರು. ಆಮೇಲೆ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಹುಡುಗಿಯ ತಾಯಿಯನ್ನು ದಿಟ್ಟಿಸಿ ಕೇಳುತ್ತಿದ್ದರು: "ಹೆಣ್ಣಿಗೆ ಪಿಟ್ಸ್ ಗಿಟ್ಸ್ ಎಂತದೂ ಇಲ್ಲೆ ಅಲ್ದಾ?" ತಾಯಿ ತಡವರಿಸಿದರೆ ಸಾಕು, ಸಂಜೆಯೊಳಗೆ ಕುಂದಾಪುರದ ತನಕ ಸುದ್ದಿ. ಬಿಜೂರಿನ ಒಬ್ಬ ಹುಡುಗಿಯ ನಿಶ್ಚಿತಾರ್ಥವನ್ನು ಹೀಗೆಯೇ ಮುರಿದು ಬಂದು, ನಮ್ಮ ಚಾವಡಿಯಲ್ಲಿ ಕಾಲು ಚಾಚಿ, "ಒಂದ್ ಮನಿ ಮರ್ಯಾದಿ ಉಳ್ಸ್ದೆ ಕಾಣಿ" ಎಂದು ಬೀಗಿದ ಮನುಷ್ಯ.

ಇಂಥವರಿಗೇ ಮೂರ್ಛೆರೋಗವಿತ್ತು. ನನ್ನ ಅಕ್ಕ ಸರಸ್ವತಿಯನ್ನು ಮದುವೆಯಾಗುವಾಗ ಅದರ ಸೊಲ್ಲೆತ್ತಿರಲಿಲ್ಲ. ಮದುವೆಯ ಮೇಲೆ ಅಕ್ಕ ಕಣ್ಣಾರೆ ಕಂಡಾಗ, "ಪಿತ್ತ ನೆತ್ತಿಗೇರಿತ್" ಎಂದರಂತೆ. ಊರಿಗೆ ಬುದ್ಧಿ ಹೇಳುವವರು ತಮ್ಮ ಮಾತ್ರೆಯನ್ನು ವಿಟಮಿನ್ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದರು.

ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದಿತು. ಕುಂದಾಪುರದಲ್ಲಿ ಡಯಾಲಿಸಿಸ್ ಶುರುವಾಯಿತು. ಬೇರೇನಾದರೂ ಕಾಯಿಲೆ ಇದೆಯೇ ಎಂದು ನರ್ಸ್ ಕೇಳಿದರೆ, "ಉಳ್ದದ್ದಕ್ಕೆಲ್ಲ ನಾನ್ ಕಲ್ಲ್‌ಗುಂಡ್" ಎಂದರು. ಪಕ್ಕದ ಹಾಸಿಗೆಯ ಮೀನು ವ್ಯಾಪಾರಿ ನರಳಿದರೆ ಮೂಗು ಮುರಿದರು. ಆದರೆ ಡಯಾಲಿಸಿಸ್ ಆದ ದಿನವೇ ಮನೆಗೆ ಬಂದು ಸೆಟೆದು ಬೀಳತೊಡಗಿದರು. ವರ್ಷಗಟ್ಟಲೆ ಸುಮ್ಮನಿದ್ದ ರೋಗ ಈಗ ಪದೇಪದೇ. ಅದು ಬಿ.ಪಿ. ಇಳಿದದ್ದು ಎಂದು ಭಾವನ ತೀರ್ಪು. ಹೊರಗೆ ಬಾಯಿ ಬಿಡಬಾರದೆಂದು ಅಕ್ಕನಿಗೆ ತಾಕೀತು.

ಒಂದು ಮಧ್ಯಾಹ್ನ ಅವರನ್ನು ಕಾರಿನಲ್ಲಿ ಕರೆತರುವಾಗ ಸಾಸ್ತಾನದ ಟೋಲಿನ ಸಾಲಿನಲ್ಲೇ ಮೂರ್ಛೆ ಬಂತು. ನಾಲಿಗೆ ಕಚ್ಚಿ ಬಾಯಿತುಂಬ ರಕ್ತ. ಜನ ಮುತ್ತಿಕೊಂಡರು. ಅಕ್ಕ ಅವರನ್ನು ಮಗ್ಗುಲಿಗೆ ಹೊರಳಿಸಿ ಹಿಡಿದು ಕೂತಿದ್ದಳು. ಎಚ್ಚರವಾದಾಗ ಭಾವ ಆಡಿದ ಮೊದಲ ಮಾತು: "ಗುರ್ತದವ್ರ್ ಯಾರಾರೂ ಕಂಡ್ರಾ?"

ಅಕ್ಕ ನನ್ನ ಕಡೆ ತಿರುಗಿದಳು. "ಕಾರ್ ತಿರ್ಗ್ಸ್. ವಾಪಾಸ್ ಆಸ್ಪತ್ರಿಗೆ."

ಅಲ್ಲಿ ಭಾವ ಕಣ್ಣು ಕೆಂಪಗೆ ಮಾಡಿದರೂ ಬಿಡದೆ, ಅವರ ಚೀಲದಿಂದ ಆ ವಿಟಮಿನ್ ಡಬ್ಬಿಯನ್ನು ತೆಗೆದು ಡಾಕ್ಟರಮ್ಮನ ಮುಂದೆ ಇಟ್ಟು ಎಲ್ಲ ಹೇಳಿದಳು.

"ಇದನ್ನು ಯಾವಾಗ ತಗೊಳ್ತಾರೆ?"

"ಬೆಳಿಗ್ಗೆ, ಇಲ್ಲಿಗೆ ಬಪ್ಪು ಮೊದ್ಲ್."

ಡಾಕ್ಟರಮ್ಮ ಹಣೆ ಒತ್ತಿಕೊಂಡರು. "ಮೂರ್ಛೆಯ ಎಲ್ಲ ಮಾತ್ರೆಯೂ ಹೀಗಲ್ಲ. ಆದರೆ ಈ ಮಾತ್ರೆಯನ್ನು ಯಂತ್ರ ಕಲ್ಮಶದ ಜೊತೆಗೇ ತೆಗೆದುಬಿಡ್ತದೆ. ಮನೆ ಮುಟ್ಟುವಾಗ ಮೈಯಲ್ಲಿ ಅರ್ಧ ಉಳಿದರೆ ಹೆಚ್ಚು. ಮೊದಲೇ ಹೇಳಿದ್ದರೆ ಪ್ರಮಾಣ ಸರಿ ಮಾಡಿ, ಡಯಾಲಿಸಿಸ್ ಮುಗಿದ ಮೇಲೆ ಕೊಡ್ತಿದ್ದೆವು."

"ಮರ್ಯಾದಿ ತೆಗ್ದೆ ನೀನ್," ಭಾವ ಅಕ್ಕನ ಮೇಲೆ ಹಲ್ಲು ಕಡಿದರು.

"ಮಿಷನಂಗೆ ಹೋದ್ದ್ ಮಾತ್ರಿ ಹ್ವಾಯ್. ನಿಮ್ ಮರ್ಯಾದಿ ಬಿಜೂರಂಗೇ ಹೋಯಿತ್."

ಮಾತ್ರೆಯ ಹೊತ್ತು ಬದಲಾಯಿತು, ಮೂರ್ಛೆ ನಿಂತಿತು. ಇದಕ್ಕೆ ಕೃತಜ್ಞತೆ ಎಂದರೆ, ಭಾವ ಅಕ್ಕನೊಡನೆ ಬಹಳ ದಿನ ಮಾತು ಬಿಟ್ಟರು.

ನಾನು ಅವರನ್ನು ಕೊನೆಯ ಸಲ ನೋಡಿದ್ದೂ ಆ ಡಯಾಲಿಸಿಸ್ ಕೋಣೆಯಲ್ಲೇ. ಅಮಾಸೆಬೈಲಿನಿಂದ ಒಬ್ಬ ತಾಯಿ ಪ್ರಾಯದ ಮಗಳನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಬಂದಿದ್ದರು. ನರ್ಸಿಗೆ "ಬೇರೆ ಎಂತದೂ ಇಲ್ಲೆ" ಎಂದ ತಾಯಿ, ನರ್ಸ್ ಅತ್ತ ಹೋದದ್ದೇ ಸೆರಗಿನ ಮರೆಯಲ್ಲಿ ಮಾತ್ರೆ ಬಿಡಿಸಿದರು. ಭಾವ ನುಂಗುತ್ತಿದ್ದ ಅದೇ ಮಾತ್ರೆ. ಭಾವ ಹಾಸಿಗೆಯಿಂದಲೇ ಕೈ ಎತ್ತಿದರು.

"ಅಮ್ಮ, ಅದನ್ನ್ ಈಗ ಕೊಡ್ಬೇಡಿ. ಮಿಷನ್ ಎಳ್ಕಂಡ್ ಹೋತ್ತ್. ಡಾಕ್ಟ್ರಿಗೆ ಹೇಳಿ, ಯಾವಾಗ ತಕಣ್ಕ್ ಅಂತ ಅವ್ರೇ ಹೇಳ್ತ್ರ್."

"ನಿಮ್ಗೆ ಹ್ಯಾಂಗ್ ಗೊತ್ತ್?"

ಭಾವ ನನ್ನತ್ತ ಒಮ್ಮೆ ನೋಡಿದರು. "ನಮ್ ಪೈಕಿಯವ ಒಬ್ಬನಿಗೆ ಇತ್ತ್."

ಈಗಲೂ ಸುಳ್ಳು! ನನಗೆ ಅಸಹ್ಯವೇ ಆಯಿತು. ಅಷ್ಟರಲ್ಲಿ ಆ ಹುಡುಗಿ ಮೆಲ್ಲಗೆ ಕೇಳಿದಳು: "ಅವ್ರಿಗೆ ಮದಿ ಆಯಿತಾ? ಹೆಣ್ಣ್ ಕೊಟ್ರಾ?"

ಸಾವಿರ ಮನೆಗಳಲ್ಲಿ ಪ್ರಶ್ನೆ ಕೇಳಿದ ಮನುಷ್ಯನೇ ಈಗ ಉತ್ತರ ಹೇಳಬೇಕಾಯಿತು. "ಆಯಿತ್," ಎಂದರು. "ಅವ್ನ ಯೋಗ್ಯತಿಗಿಂತ ಒಳ್ಳೆ ಹೆಣ್ಣೇ ಸಿಕ್ಕಿತ್."

ಆ ವಾರವೇ ಹೃದಯ ನಿಂತು ಹೋದರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಅಕ್ಕನಿಗೆ ಈ ಮಾತು ತಿಳಿಸಿದೆ. ಅವಳು ಕೇಳಿ ಸಿಡಿದಳು.

"ಮನಿಯಂಗೆ ಒಂದ್ ದಿನ ಹೇಳುಕ್ ಬಾಯ್ ಬರ್ಲಿಲ್ಯಾ ಅವ್ರಿಗೆ?"

ಮತ್ತೆ ನನ್ನ ಹತ್ತಿರ ಸರಿದು ಕೂತು, "ಎಂತ ಹೇಳ್ರ್ ಅಂದೆ? ಇನ್ನೊಂದ್ ಸಲ ಹೇಳ್" ಎಂದಳು.